ಉಕ್ಕು, ತುಕ್ಕು ಮತ್ತು ಕ್ಷೌರದ ಕತ್ತಿ

ಅಜ್ಜನ ಕಾಲದ ಮಡಚುವ ಕ್ಷೌರದ ಕತ್ತಿ ಈಗಲೂ ಕೆಲವರ ಮನೆ ಪೆಟ್ಟಿಗೆಯಲ್ಲಿ ಇರುತ್ತೆ. ತೆಗೆದು ನೋಡಿದ್ರೆ ಅಲಗಿನ ಮೇಲೆ ಕೆಂಪಗೆ ತುಕ್ಕಿನ ಚುಕ್ಕೆ. ಒಂದೋ ಗುಜರಿಗೆ ಹಾಕ್ತಾರೆ, ಇಲ್ಲಾಂದ್ರೆ ಗ್ರೈಂಡರಿಗೆ ಹಿಡಿಸಿ ಬೆಳ್ಳಗೆ ಮಾಡಿಸ್ಕೊಂಡು ಬರ್ತಾರೆ. ಎರಡೂ ಬೇಡ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಬ್ಬಿಣಕ್ಕೆ ಹದವಾಗಿ ಇಂಗಾಲ ಸೇರಿದರೆ ಉಕ್ಕು. ಇದನ್ನು ನಮ್ಮ ಕಡೆ ಮಣ್ಣಿನ ಮೂಸೆಯಲ್ಲಿ ಮಾಡ್ತಿದ್ದರು. ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಟ್ಟಿಗೆ, ಒಂದೆರಡು ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ, ತಿದಿ ಒತ್ತಿ ಕಾಯಿಸೋದು. ಹೌದು, ಬದುವಿನ ಮೇಲೆ ಹಳದಿ ಹೂ ಬಿಡುತ್ತಲ್ಲ, ಅದೇ ತಂಗಡಿ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸ ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಚೂರು ಸಿಕ್ಕಿವೆ.

ಇಂಗ್ಲಿಷರು ಇದನ್ನು 'ವೂಟ್ಜ್' ಅಂತ ಕರೆದರು. ನಮ್ಮ 'ಉಕ್ಕು' ಅನ್ನೋ ಮಾತೇ ಅವರ ಬಾಯಲ್ಲಿ ಹಾಗಾಯ್ತು ಅಂತ ಬಹಳ ಜನ ವಿದ್ವಾಂಸರ ಅಭಿಪ್ರಾಯ. 1790ರ ದಶಕದಲ್ಲಿ ಬೊಂಬಾಯಿಯಿಂದ ಇದರ ಗಟ್ಟಿಗಳು ಲಂಡನ್ನಿಗೆ ಹೋದವು. ಅಲ್ಲಿ ಜೇಮ್ಸ್ ಸ್ಟೊಡಾರ್ಟ್ ಅಂತ ಒಬ್ಬ ಕತ್ತಿ ಮಾಡುವವನು. ಕ್ಷೌರದ ಕತ್ತಿ, ಆಪರೇಷನ್ ಚಾಕು ಅವನ ಕಸುಬು. ಸೂಕ್ಷ್ಮ ಅಲಗಿಗೆ ಈ ಉಕ್ಕನ್ನು ಮೀರಿಸೋದು ಇಲ್ಲ ಅಂತ ಅವನಿಗೆ ಅನ್ನಿಸಿತು. ಇದರಲ್ಲಿ ಏನಿದೆ ಅಂತ ಹುಡುಕೋಕೆ ಒಬ್ಬ ಯುವಕನನ್ನು ಜೊತೆ ಮಾಡಿಕೊಂಡ. ಆ ಯುವಕ ಮೈಕೇಲ್ ಫ್ಯಾರಡೆ, ಕಮ್ಮಾರನ ಮಗ. ಕರೆಂಟಿನ ವಿಷಯದಲ್ಲಿ ಹೆಸರಾಗಿದ್ದು ಆಮೇಲೆ.

ಫ್ಯಾರಡೆ 1819ರಲ್ಲಿ ಪರೀಕ್ಷೆ ಮಾಡಿ, ಉಕ್ಕಿನ ಗುಟ್ಟು ಅದರೊಳಗಿನ ಅಲ್ಯೂಮಿನಿಯಂ ಅಂಶದಲ್ಲಿದೆ ಅಂದ. ಅದು ತಪ್ಪು, ಗುಟ್ಟು ಇದ್ದಿದ್ದು ಇಂಗಾಲದಲ್ಲಿ. ಆದರೆ ಆ ತಪ್ಪಿನಿಂದ ಒಳ್ಳೇದೇ ಆಯ್ತು. ಬೇರೆ ಲೋಹ ಬೆರೆಸಿದರೆ ಹೇಗಿರುತ್ತೆ, ಯಾವುದಕ್ಕೆ ತುಕ್ಕು ಕಡಿಮೆ ಹಿಡಿಯುತ್ತೆ ಅಂತ ಇಬ್ಬರೂ ಬೆಳ್ಳಿ, ಪ್ಲಾಟಿನಂ, ರೋಡಿಯಂ ಎಲ್ಲ ಬೆರೆಸಿ ನೋಡಿದರು. ಹಾಗೆ ಮಾಡಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಸ್ನೇಹಿತರಿಗೆ ಹಂಚಿದ. ಕ್ರೋಮಿಯಂ ಕೂಡ ಬೆರೆಸಿದರು, ನೂರಕ್ಕೆ 1 ಪಾಲು, ಆಮೇಲೆ 3 ಪಾಲು. ತುಕ್ಕು ತಡೆಯೋಕೆ 10ರ ಮೇಲೆ ಬೇಕಿತ್ತು! 1823ರಲ್ಲಿ ಸ್ಟೊಡಾರ್ಟ್ ತೀರಿಕೊಂಡ, ಕೆಲಸ ಅಲ್ಲಿಗೆ ನಿಂತಿತು.

1913ರಲ್ಲಿ ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ಸುಮಾರು 13 ಪಾಲು ಕ್ರೋಮಿಯಂ ಹಾಕಿ ಸ್ಟೇನ್‌ಲೆಸ್ ಮಾಡಿದ. ಆ ಊರಿನ ಚಾಕು ಮಾಡುವವರು ಅವನನ್ನು ಕೊಯ್ಯದ ಚಾಕು ಕಂಡುಹಿಡಿದವನು ಅಂತ ಆಡಿಕೊಂಡರು. ಪೂರ್ತಿ ಸುಳ್ಳೂ ಅಲ್ಲ, ಆಗಿನ ಸ್ಟೇನ್‌ಲೆಸ್‌ಗೆ ಹಳೇ ಉಕ್ಕಿನ ಹರಿತ ಬರ್ತಿರಲಿಲ್ಲ. ಅದಕ್ಕೇ ಮಡಚುವ ಕತ್ತಿ ಇಂಗಾಲದ ಉಕ್ಕಿನಲ್ಲೇ ಉಳಿಯಿತು. ಹರಿತವೂ ಉಳಿಯಿತು, ತುಕ್ಕೂ ಉಳಿಯಿತು.

ಈಗ ಗ್ರೈಂಡರ್ ಯಾಕೆ ಬೇಡ ಅಂತ. ಅಲಗಿನ ಬಾಯಿ ಕಾಗದಕ್ಕಿಂತ ತೆಳು, ಕ್ಷಣದಲ್ಲಿ ಕಾಯುತ್ತೆ. ನೀಲಿ ಬಣ್ಣ ಬಂತು ಅಂದ್ರೆ ಹದ ಹೋಯ್ತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲಲ್ಲ. ಇನ್ನೊಂದು ವಿಷಯ: ಈ ಕತ್ತಿ ಮಸೆಯುವಾಗ ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಬೇಕು. ಓರೆ ಎಷ್ಟಿರಬೇಕು ಅನ್ನೋದನ್ನ ಬೆನ್ನಿನ ದಪ್ಪವೇ ಕಾಯುತ್ತೆ. ಬೆನ್ನು ಸವೆಸಿದರೆ ಆ ಲೆಕ್ಕವೇ ಕೆಟ್ಟಂಗೆ.

ಮೇಲುಮೇಲಿನ ತುಕ್ಕಿಗೆ ಹೊಲಿಗೆ ಮಿಷನ್ ಎಣ್ಣೆ ಸಾಕು. ಹಚ್ಚಿ ರಾತ್ರಿಯೆಲ್ಲ ಬಿಡಿ, ಬೆಳಿಗ್ಗೆ ಹತ್ತಿ ಬಟ್ಟೆಯಲ್ಲಿ ಉಜ್ಜಿ. ಬೆನ್ನಿನಿಂದ ಬಾಯಿಯ ಕಡೆಗೇ ಉಜ್ಜಬೇಕು, ಬಾಯಿಗೆ ಎದುರಾಗಿ ಕೈ ಹೋಗಬಾರದು, ಬೆರಳು ಉಳಿಯಲ್ಲ. ಹೋಗದಿದ್ರೆ ಹಿತ್ತಾಳೆಗೆ ಹಾಕುವ ಪಾಲಿಶ್, ಅದಕ್ಕೂ ಬಗ್ಗದಿದ್ರೆ 2000 ನಂಬರಿನ ನೀರು ಕಾಗದಕ್ಕೆ ಎಣ್ಣೆ ಹಾಕಿ ನಿಧಾನಕ್ಕೆ. ಹುಣಸೆಹುಳಿ, ನಿಂಬೆಹಣ್ಣು ಬೇಡ, ಹುಳಿ ಒಳ್ಳೆ ಉಕ್ಕನ್ನೂ ತಿಂದು ಕಪ್ಪು ಮಾಡುತ್ತೆ. ಕಪ್ಪು ಕಲೆ ಮೊದಲೇ ಇದ್ರೆ ಇರಲಿ ಬಿಡಿ, ಅದು ಕೆಂಪು ತುಕ್ಕಿನ ಹಾಗೆ ಕೊರೆಯಲ್ಲ. ಬಾಯಿಯಲ್ಲೇ ತುಕ್ಕಿನ ಗುಳಿ ಬಿದ್ದಿದ್ರೆ ಮಾತ್ರ ಬಟ್ಟೆಯಿಂದ ಆಗಲ್ಲ. ಅದು ನುಣುಪು ಕಲ್ಲಿನ ಕೆಲಸ, ಕೈ ಪಳಗಿದವರ ಹತ್ತಿರ ಕೊಡಿ.

ಕಸಿ ಕಟ್ಟುವ ಚಾಕುವೂ ಇಂಗಾಲದ ಉಕ್ಕಿನದ್ದಾದ್ರೆ ಇದೇ ಉಪಚಾರ. ಒರೆಸಿ, ಒಣಗಿಸಿ, ಎಣ್ಣೆ ಸವರಿ ಇಡಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಮಳೆಗಾಲದಲ್ಲಿ ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತೆ.