ಮುಚ್ಚಿಹೋದ ಒಂದು ರಂಧ್ರ: ‘ಥೀಟಿಸ್’ ಜಲಾಂತರ್ಗಾಮಿಯ ಕಥೆ

‘ಅರ್ಥವಾಯಿತೇ?’ ಎಂದು ತರಗತಿಯಲ್ಲಿ ಕೇಳಿದಾಗ ಯಾರೂ ಮಾತನಾಡದಿದ್ದರೆ, ಎಲ್ಲರಿಗೂ ಅರ್ಥವಾಯಿತೆಂದು ಭಾವಿಸಿ ಮುಂದಿನ ಪಾಠಕ್ಕೆ ಹೋಗುವ ತಪ್ಪನ್ನು ನಾನು ವೃತ್ತಿಯ ಮೊದಲ ವರ್ಷಗಳಲ್ಲಿ ಅನೇಕ ಬಾರಿ ಮಾಡಿದ್ದೇನೆ. ಪರೀಕ್ಷೆಯ ಉತ್ತರಪತ್ರಿಕೆಗಳು ಬಂದ ಮೇಲೆಯೇ ಆ ಮೌನದ ನಿಜವಾದ ಅರ್ಥ ತಿಳಿಯುತ್ತಿತ್ತು. ಮಕ್ಕಳ ಮೌನವನ್ನು ತಪ್ಪಾಗಿ ಓದಿದರೆ ಹೆಚ್ಚೆಂದರೆ ಪಾಠವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ. ಆದರೆ ಒಂದು ಸಣ್ಣ ನಲ್ಲಿಯ ಮೌನವನ್ನು ತಪ್ಪಾಗಿ ಓದಿದ್ದರಿಂದ ತೊಂಬತ್ತೊಂಬತ್ತು ಜೀವಗಳು ಹೋದ ಸಂಗತಿಯೊಂದು ಇತಿಹಾಸದಲ್ಲಿದೆ. ಅದನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ. ಇದು ಎರಡು ಹೆಸರು ಪಡೆದು, ಎರಡು ಬಾರಿ ಮುಳುಗಿದ ಒಂದು ಬ್ರಿಟಿಷ್ ಜಲಾಂತರ್ಗಾಮಿಯ ಕಥೆ.

ಎರಡನೆಯ ಮಹಾಯುದ್ಧದ ಕಾರ್ಮೋಡ ಯೂರೋಪಿನ ಮೇಲೆ ಕವಿಯುತ್ತಿದ್ದ ಕಾಲದಲ್ಲಿ ಬ್ರಿಟನ್ನು ‘ಟಿ’ ವರ್ಗವೆಂಬ ಹೊಸ ಮಾದರಿಯ ಜಲಾಂತರ್ಗಾಮಿಗಳನ್ನು ಕಟ್ಟಲಾರಂಭಿಸಿತು. ಅವುಗಳಲ್ಲೊಂದರ ನಿರ್ಮಾಣ 1936ರ ಡಿಸೆಂಬರ್‌ನಲ್ಲಿ, ಲಿವರ್‌ಪೂಲ್ ನಗರದ ಎದುರಿಗೆ ಮರ್ಸಿ ನದಿಯ ಆಚೆ ದಡದಲ್ಲಿರುವ ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಹಡಗುಕಟ್ಟೆಯಲ್ಲಿ ಪ್ರಾರಂಭವಾಯಿತು. 1938ರ ಜೂನ್‌ನಲ್ಲಿ ಅದನ್ನು ನೀರಿಗಿಳಿಸಿದರು. ಉದ್ದ ಸುಮಾರು 275 ಅಡಿ. ನೀರಿನ ಮೇಲೆ ತೇಲುವಾಗ ಸುಮಾರು 1,090 ಟನ್ ಭಾರ. ನೀರಿನ ಮೇಲೆ ಸಾಗಲು ಡೀಸೆಲ್ ಯಂತ್ರಗಳು, ನೀರಿನೊಳಗೆ ಬ್ಯಾಟರಿಯಿಂದ ನಡೆಯುವ ವಿದ್ಯುತ್ ಮೋಟಾರುಗಳು, ಹತ್ತು ಟಾರ್ಪೆಡೊ ಕೊಳವೆಗಳು. ಅದಕ್ಕೆ ಇಟ್ಟ ಹೆಸರು ‘ಥೀಟಿಸ್’.

ಥೀಟಿಸ್ ಎಂದರೆ ಗ್ರೀಕ್ ಪುರಾಣದ ಸಮುದ್ರದೇವತೆ, ವೀರ ಅಕಿಲೀಸನ ತಾಯಿ. ಮಗನಿಗೆ ಸಾವು ಬಾರದಿರಲೆಂದು ಆಕೆ ಅವನ ಹಿಮ್ಮಡಿಯನ್ನು ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದಳಂತೆ. ಹಿಡಿದಿದ್ದ ಹಿಮ್ಮಡಿಗೆ ಮಾತ್ರ ನೀರು ತಗುಲಲಿಲ್ಲ. ಕೊನೆಗೆ ಬಾಣ ನಾಟಿದ್ದು ಅಲ್ಲಿಗೇ. ಗಾಂಧಾರಿಯ ದೃಷ್ಟಿ ಬೀಳದೆ ಉಳಿದ ದುರ್ಯೋಧನನ ತೊಡೆಯ ಕಥೆಯನ್ನು ಅಜ್ಜಿಯರ ಬಾಯಲ್ಲಿ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಸರಿಟ್ಟವರಿಗೆ ಈ ಕಥೆಯ ಕೊನೆಯ ಭಾಗ ನೆನಪಿತ್ತೋ ಇಲ್ಲವೋ!

ಮುಂದಿನದನ್ನು ತಿಳಿಯಬೇಕಾದರೆ ಟಾರ್ಪೆಡೊ ಕೊಳವೆಯ ರಚನೆಯನ್ನು ಸ್ವಲ್ಪ ಅರಿಯಬೇಕು. ಕೊಳವೆಗೆ ಎರಡು ಬಾಗಿಲುಗಳು: ಸಮುದ್ರದ ಕಡೆಗೆ ಹೊರಬಾಗಿಲು, ಹಡಗಿನೊಳಕ್ಕೆ ಒಳಬಾಗಿಲು. ಎರಡೂ ಒಟ್ಟಿಗೆ ತೆರೆದಿರಕೂಡದು. ತೆರೆದರೆ ಕಡಲೇ ಒಳಗೆ ಬರುತ್ತದೆ. ಕೊಳವೆಯಲ್ಲಿ ನೀರಿದೆಯೇ ಎಂದು ತಿಳಿಯಲು ಒಳಬಾಗಿಲಿನಲ್ಲಿ ಒಂದು ಪುಟ್ಟ ಪರೀಕ್ಷಾ ನಲ್ಲಿ ಇರುತ್ತದೆ. ಅದನ್ನು ತಿರುಗಿಸಿದಾಗ ನೀರು ಚಿಮ್ಮಿದರೆ ಕೊಳವೆ ತುಂಬಿದೆ ಎಂದರ್ಥ. ಏನೂ ಬಾರದಿದ್ದರೆ ಖಾಲಿ. ಎಷ್ಟು ಸರಳ, ಎಷ್ಟು ಜಾಣತನದ ಏರ್ಪಾಡು! ಆ ರಂಧ್ರ ಕಟ್ಟಿಕೊಂಡರೆ ಚುಚ್ಚಿ ಬಿಡಿಸಲು ಒಂದು ಸಣ್ಣ ಕಡ್ಡಿಯಂತಹ ಸಲಕರಣೆಯೂ ಇತ್ತು.

1939ರ ಜೂನ್ 1ರಂದು ಥೀಟಿಸ್ ತನ್ನ ಮುಳುಗುವ ಪರೀಕ್ಷೆಗಾಗಿ ಲಿವರ್‌ಪೂಲ್ ಕೊಲ್ಲಿಗೆ ಹೊರಟಿತು. ನಾಯಕ ಲೆಫ್ಟಿನೆಂಟ್ ಕಮಾಂಡರ್ ಗೈ ಬೋಲಸ್. ಸಿಬ್ಬಂದಿಯಲ್ಲದೆ ಹಡಗುಕಟ್ಟೆಯ ಕೆಲಸಗಾರರು, ಇತರ ನೌಕಾಧಿಕಾರಿಗಳು, ಊಟ ಬಡಿಸಲು ಬಂದವರು ಎಲ್ಲ ಸೇರಿ ಒಳಗೆ 103 ಮಂದಿ, ಅಂದರೆ ಸಾಮಾನ್ಯವಾಗಿ ಇರಬೇಕಾದವರ ಸುಮಾರು ಎರಡರಷ್ಟು. ಮುಳುಗುವ ಮೊದಲು ಜೊತೆಯಲ್ಲಿದ್ದ ಟಗ್ ದೋಣಿಗೆ ಇಳಿದುಹೋಗಲು ಹಲವರಿಗೆ ಅವಕಾಶವಿತ್ತು. ಯಾರೂ ಇಳಿಯಲಿಲ್ಲ. ಹೊಸ ಹಡಗು ಮೊದಲ ಬಾರಿ ಮುಳುಗುವುದನ್ನು ಒಳಗಿನಿಂದ ನೋಡುವ ಸಂಭ್ರಮವನ್ನು ಬಿಡಲು ಯಾರಿಗೆ ತಾನೇ ಮನಸ್ಸಾದೀತು?

ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಮುಳುಗಲು ಯತ್ನಿಸಿದಾಗ ಹಡಗು ಮುಳುಗಲೊಲ್ಲದು. ಮುಂಭಾಗ ಹಗುರವಾಗಿತ್ತು. ಒಳಗೆ ಟಾರ್ಪೆಡೊಗಳಿಲ್ಲದ ಕಾರಣ, ಅವುಗಳ ಭಾರವನ್ನು ಸರಿದೂಗಿಸಲು 5 ಮತ್ತು 6ನೆಯ ಕೊಳವೆಗಳಲ್ಲಿ ನೀರು ತುಂಬಿರಬೇಕೆಂದು ಲೆಕ್ಕದ ಹಾಳೆ ಹೇಳುತ್ತಿತ್ತು. ನೀರು ನಿಜವಾಗಿಯೂ ಇದೆಯೇ ಎಂದು ನೋಡಲು ಲೆಫ್ಟಿನೆಂಟ್ ಫ್ರೆಡರಿಕ್ ವುಡ್ಸ್ ಮುಂಭಾಗಕ್ಕೆ ಹೋದರು. ಮೊದಲ ನಾಲ್ಕು ಕೊಳವೆಗಳ ಒಳಬಾಗಿಲುಗಳನ್ನು ಒಂದೊಂದಾಗಿ ತೆರೆಸಿ ನೋಡಿದ್ದಾಯಿತು, ಅಪಾಯವೇನೂ ಆಗಲಿಲ್ಲ. ಐದನೆಯದರ ಪರೀಕ್ಷಾ ನಲ್ಲಿಯನ್ನು ತಿರುಗಿಸಿದರು. ಒಂದು ಹನಿಯೂ ಬರಲಿಲ್ಲ. ಕೊಳವೆ ಖಾಲಿಯೆಂದು ನಂಬಿ ಒಳಬಾಗಿಲನ್ನು ತೆರೆಸಿದರು.

ಕೊಳವೆ ಖಾಲಿಯಿರಲಿಲ್ಲ. ಅದರ ಹೊರಬಾಗಿಲು ಸಮುದ್ರಕ್ಕೆ ತೆರೆದೇ ಇತ್ತು. ಬಾಗಿಲಿಗೆ ಎನಾಮಲ್ ಬಣ್ಣ ಬಳಿಯುವಾಗ ಪರೀಕ್ಷಾ ನಲ್ಲಿಯ ರಂಧ್ರದೊಳಕ್ಕೂ ಬಣ್ಣ ಇಳಿದು, ಒಣಗಿ, ರಂಧ್ರ ಮುಚ್ಚಿಹೋಗಿತ್ತು. ಬಳಿದವನು ಅದನ್ನು ಕಾಣಲಿಲ್ಲ; ತಪಾಸಣೆ ಮಾಡಿದವರೂ ಕಾಣಲಿಲ್ಲ. ಹೊರಬಾಗಿಲುಗಳ ಸ್ಥಿತಿಯನ್ನು ತೋರಿಸುವ ಸೂಚಕಗಳಾದರೂ ಎಲ್ಲ ಕೊಳವೆಗಳಿಗೂ ಒಂದೇ ಕ್ರಮದಲ್ಲಿ ಇರದೆ, ಓದುವವರನ್ನು ಗೊಂದಲಗೊಳಿಸುವಂತಿದ್ದವು. ರಂಧ್ರವನ್ನು ಚುಚ್ಚಿ ನೋಡುವ ಕಡ್ಡಿಯನ್ನು ಆ ಹೊತ್ತಿನಲ್ಲಿ ಯಾರೂ ಬಳಸಲಿಲ್ಲ.

ಕಡಲು ನುಗ್ಗಿತು. ಹಿಂದಕ್ಕೆ ಸರಿದು ಅಡ್ಡಗೋಡೆಯ ಬಾಗಿಲನ್ನು ಮುಚ್ಚಲೆತ್ತಿಸಿದರೆ, ಅದನ್ನು ಬಿಗಿಯುವ ತಿರುಪುಗಳಲ್ಲೊಂದು ಬಾಗಿಲಿನ ಸಂದಿಗೆ ಸಿಕ್ಕಿಕೊಂಡಿತು. ಆ ಕೋಣೆಯನ್ನೂ ಬಿಟ್ಟು ಮುಂದಿನ ಬಾಗಿಲನ್ನು ಮುಚ್ಚುವಷ್ಟರಲ್ಲಿ ಎರಡು ಕೋಣೆಗಳು ತುಂಬಿ, ಹಡಗಿನ ಮೂತಿ ಸುಮಾರು 150 ಅಡಿ ಆಳದ ತಳಕ್ಕೆ ತಾಗಿತು.

ಇಲ್ಲಿ ಸ್ವಲ್ಪ ರೇಖಾಗಣಿತವಿದೆ. ಹಡಗಿನ ಉದ್ದ 275 ಅಡಿ, ನೀರಿನ ಆಳ 150 ಅಡಿ. ಹಿಂಭಾಗವನ್ನು ಹಗುರಗೊಳಿಸಿದರೆ ಹಡಗು ಓರೆಯಾಗಿ ನಿಂತು ಬಾಲ ನೀರಿನಿಂದ ಹೊರಬರಬೇಕು. ಒಳಗಿದ್ದವರು ರಾತ್ರಿಯಿಡೀ ದುಡಿದು ಅದನ್ನೇ ಸಾಧಿಸಿದರು. ಮರುದಿನ ಬೆಳಿಗ್ಗೆ ಎಂಟರ ಸುಮಾರಿಗೆ, ಹುಡುಕುತ್ತಿದ್ದ ‘ಬ್ರೇಜನ್’ ಎಂಬ ಡೆಸ್ಟ್ರಾಯರ್ ನೌಕೆಗೆ ನೀರಿನಿಂದ ಮೇಲೆದ್ದ ಥೀಟಿಸ್‌ನ ಬಾಲ ಕಾಣಿಸಿತು. ಹಿಂಭಾಗದ ಪಾರುಗಾಣಿಕೆ ಕೋಣೆಯ ಮೂಲಕ, ಡೇವಿಸ್ ಉಸಿರಾಟದ ಸಲಕರಣೆ ಧರಿಸಿ, ಕ್ಯಾಪ್ಟನ್ ಓರಮ್ ಮತ್ತು ವುಡ್ಸ್ ಮೊದಲು ಹೊರಬಂದರು. ಅನಂತರ ನಾಲ್ವರು ಒಮ್ಮೆಗೇ ಹೊರಡಲು ಯತ್ನಿಸಿ ಪ್ರಾಣ ಕಳೆದುಕೊಂಡರು. ಬಳಿಕ ವಾಲ್ಟರ್ ಆರ್ನಾಲ್ಡ್ ಮತ್ತು ಹಡಗುಕಟ್ಟೆಯ ಫ್ರಾಂಕ್ ಷಾ ಪಾರಾದರು. ಅಷ್ಟೇ. ಆಮೇಲೆ ಯಾರೂ ಬರಲಿಲ್ಲ.

ನಾವು ಉಸಿರು ಬಿಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಮುಚ್ಚಿದ ಜಾಗದಲ್ಲಿ ಕೂಡುತ್ತಾ ಹೋಗುತ್ತದೆ. ಮೊದಲು ತಲೆನೋವು, ಏದುಸಿರು. ಆಮೇಲೆ ಕೈಕಾಲು ಆಡದು, ಬುದ್ಧಿಯೂ ಓಡದು. ಎರಡರಷ್ಟು ಜನ, ಎರಡು ಕೋಣೆ ಕಡಿಮೆ, ರಾತ್ರಿಯಿಡೀ ಶ್ರಮ. ಲೆಕ್ಕ ನೀವೇ ಹಾಕಬಹುದು. ಮೇಲೆ ಹಡಗುಗಳು ಸುತ್ತುವರಿದಿದ್ದವು. ಬಾಲದ ಉಕ್ಕಿನ ತಗಡೊಂದೇ ಒಳಗಿನವರಿಗೂ ಗಾಳಿಗೂ ನಡುವೆ ಇದ್ದದ್ದು. ಅದನ್ನು ಬೇಗನೆ ಕತ್ತರಿಸಬಾರದಿತ್ತೇ ಎಂಬ ಪ್ರಶ್ನೆಯನ್ನು ಸತ್ತವರ ಮನೆಯವರು ಕೊನೆಯವರೆಗೂ ಕೇಳಿದರು. ಮಧ್ಯಾಹ್ನ ಮೂರು ಗಂಟೆ ಕಳೆದ ಮೇಲೆ, ಬಾಲವನ್ನು ಹಿಡಿದಿದ್ದ ಉಕ್ಕಿನ ಹಗ್ಗ ತುಂಡಾಗಿ ಥೀಟಿಸ್ ಕಣ್ಮರೆಯಾಯಿತು.

ಸಮುದ್ರದ ಉಬ್ಬರವಿಳಿತದ ಬಲವನ್ನೇ ಬಳಸಿ ಅದನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿ ದಡದ ಕಡೆಗೆ ಸಾಗಿಸಿದರು. ಆ ಕೆಲಸದಲ್ಲಿ ಒಬ್ಬ ಮುಳುಗುಗಾರನೂ ಜೀವ ತೆತ್ತ. ವೇಲ್ಸ್‌ಗೆ ಸೇರಿದ ಆಂಗಲ್‌ಸೀ ದ್ವೀಪದ ಮೋಲ್ಫ್ರೆ ಕೊಲ್ಲಿಯಲ್ಲಿ ಥೀಟಿಸ್ ದಡ ಮುಟ್ಟಿದ್ದು 1939ರ ಸೆಪ್ಟೆಂಬರ್ 3ರಂದು; ಬ್ರಿಟನ್ನು ಜರ್ಮನಿಯ ಮೇಲೆ ಯುದ್ಧ ಸಾರಿದ್ದೂ ಅದೇ ಭಾನುವಾರ. ಸತ್ತವರಲ್ಲಿ ಅನೇಕರು ಆ ದ್ವೀಪದ ಹೋಲಿಹೆಡ್ ಪಟ್ಟಣದ ಸ್ಮಶಾನದಲ್ಲಿ ಒಂದೇ ಸಮಾಧಿಯಲ್ಲಿದ್ದಾರೆ.

ಯುದ್ಧಕಾಲದಲ್ಲಿ ಉಕ್ಕನ್ನು ಬಿಸಾಡುವಂತಿಲ್ಲ. ಹಡಗನ್ನು ತೊಳೆದು, ದುರಸ್ತಿ ಮಾಡಿ, 1940ರಲ್ಲಿ ‘ಥಂಡರ್‌ಬೋಲ್ಟ್’ ಎಂಬ ಹೊಸ ಹೆಸರಿನಲ್ಲಿ ಸೇವೆಗೆ ಸೇರಿಸಿದರು. ಥಂಡರ್‌ಬೋಲ್ಟ್ ಎಂದರೆ ಸಿಡಿಲು. ತೊಂಬತ್ತೊಂಬತ್ತು ಜನ ಸತ್ತ ಆ ಕೋಣೆಗಳಲ್ಲೇ ಉಂಡು, ಮಲಗಿ, ಕೆಲಸ ಮಾಡಬೇಕಾಗಿದ್ದ ನಾವಿಕರ ಮನಸ್ಸನ್ನು ಊಹಿಸಿಕೊಳ್ಳಿ. ನಾಯಕ ಲೆಫ್ಟಿನೆಂಟ್ ಕಮಾಂಡರ್ ಸೆಸಿಲ್ ಕ್ರೌಚ್. 1940ರ ಡಿಸೆಂಬರ್ 15ರಂದು, ಫ್ರಾನ್ಸಿನ ಪಶ್ಚಿಮಕ್ಕಿರುವ ಬಿಸ್ಕೇ ಕೊಲ್ಲಿಯಲ್ಲಿ, ‘ತರಂತೀನಿ’ ಎಂಬ ಇಟಲಿಯ ಜಲಾಂತರ್ಗಾಮಿಯನ್ನು ಥಂಡರ್‌ಬೋಲ್ಟ್ ಮುಳುಗಿಸಿತು. ಅನಂತರ ಮೆಡಿಟರೇನಿಯನ್ ಸಮುದ್ರದಲ್ಲಿ ಸೇವೆ ಸಲ್ಲಿಸಿತು. 1943ರ ಜನವರಿ ಆರಂಭದಲ್ಲಿ, ಇಬ್ಬರು ಮುಳುಗುಗಾರರು ಕುದುರೆಯ ಮೇಲೆ ಕುಳಿತಂತೆ ಕುಳಿತು ನಡೆಸುವ ‘ಚಾರಿಯಟ್’ ಎಂಬ ಮಾನವ ಟಾರ್ಪೆಡೊಗಳೆರಡನ್ನು ಸಿಸಿಲಿಯ ಪಲೆರ್ಮೊ ಬಂದರಿನ ಬಳಿಗೆ ಒಯ್ದು ಬಿಟ್ಟಿತು. ಅವುಗಳಲ್ಲೊಂದರ ಸವಾರರು ಬಂದರಿನೊಳಗೆ ನುಸುಳಿ, ಇನ್ನೂ ನಿರ್ಮಾಣ ಮುಗಿಯದಿದ್ದ ‘ಉಲ್ಪಿಯೊ ತ್ರಯಾನೊ’ ಎಂಬ ಕ್ರೂಸರ್ ನೌಕೆಯನ್ನು ಸ್ಫೋಟಿಸಿದರು.

ಅದೇ ವರ್ಷದ ಮಾರ್ಚ್ 14ರಂದು ಸಿಸಿಲಿಯ ಉತ್ತರ ತೀರದಲ್ಲಿ ಇಟಲಿಯ ‘ಚಿಕೋನ್ಯಾ’ ಎಂಬ ಕಾರ್ವೆಟ್ ನೌಕೆಯ ಕಣ್ಣಿಗೆ ಥಂಡರ್‌ಬೋಲ್ಟ್‌ನ ಪೆರಿಸ್ಕೋಪು ಬಿತ್ತು. ನೀರಿನಾಳದಲ್ಲಿ ಸಿಡಿಯುವ ಬಾಂಬುಗಳು ತಮ್ಮ ಕೆಲಸ ಮುಗಿಸಿದವು. ಈ ಸಲ ಒಬ್ಬರೂ ಉಳಿಯಲಿಲ್ಲ. ಎರಡನೆಯ ಬಾರಿ ಮುಳುಗಿದ ಹಡಗು ಮತ್ತೆ ಮೇಲೆ ಬರಲಿಲ್ಲ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಥೀಟಿಸ್ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಬಕ್‌ನಿಲ್ ಅವರು ಒಂದರ ಮೇಲೊಂದು ಬಿದ್ದ ಹಲವು ಕಾರಣಗಳನ್ನು ಪಟ್ಟಿಮಾಡಿದರು. ಸತ್ತವರ ಪತ್ನಿಯರು ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಹೋಗಿ, ಹಡಗಿನ ನಕ್ಷೆಗಳನ್ನೂ ಕಾಗದಪತ್ರಗಳನ್ನೂ ತೋರಿಸಿರೆಂದು ಕೇಳಿದರು. ಅವು ಹೊರಬಂದರೆ ದೇಶಕ್ಕೆ ಹಾನಿ ಎಂದಿತು ನೌಕಾ ಇಲಾಖೆ. 1942ರಲ್ಲಿ ಹೌಸ್ ಆಫ್ ಲಾರ್ಡ್ಸ್, ಸಚಿವರ ಮಾತೇ ಅಂತಿಮ, ನ್ಯಾಯಾಲಯವು ಅದನ್ನು ಪ್ರಶ್ನಿಸಲಾಗದು ಎಂದು ತೀರ್ಪಿತ್ತಿತು. ‘ಡಂಕನ್ ವಿರುದ್ಧ ಕ್ಯಾಮೆಲ್ ಲೇರ್ಡ್’ ಎಂಬ ಆ ಮೊಕದ್ದಮೆ ಕಾನೂನು ಓದಿದವರಿಗೆಲ್ಲ ಪರಿಚಿತ. ಯುದ್ಧದ ನಡುವೆ, ಅದೇ ಮಾದರಿಯ ಹಡಗುಗಳು ಕಾದಾಡುತ್ತಿರುವಾಗ, ಗುಟ್ಟು ಬೇಕೆನ್ನುವುದರಲ್ಲಿ ನ್ಯಾಯವಿತ್ತು. ಆದರೆ ತೀರ್ಪಿನ ಮಾತು ಯುದ್ಧಕಾಲಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. 1946ರಲ್ಲಿ ಪರಿಹಾರದ ದಾವೆಯೂ ಅಂತಿಮವಾಗಿ ಬಿದ್ದುಹೋಯಿತು. ಸಚಿವರ ಮಾತಿನ ಮೇಲೆ ನ್ಯಾಯಾಲಯ ತಾನೇ ಕಾಗದವನ್ನು ತರಿಸಿ ನೋಡಬಹುದೆಂದು ಬ್ರಿಟನ್ನಿನಲ್ಲಿ ನಿರ್ಣಯವಾದದ್ದು 1968ರಲ್ಲಿ.

ನಮ್ಮ ದೇಶಕ್ಕೂ ಈ ಎಳೆ ಬಂದಿದೆ. ಸರ್ಕಾರಿ ಕಾಗದಗಳನ್ನು ನ್ಯಾಯಾಲಯದಿಂದ ಮುಚ್ಚಿಡಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಸುಪ್ರೀಂ ಕೋರ್ಟು 1961ರಲ್ಲೂ, 1975ರ ರಾಜ್ ನಾರಾಯಣ್ ಪ್ರಕರಣದಲ್ಲೂ ವಿಚಾರಿಸುವಾಗ ಡಂಕನ್ ಮೊಕದ್ದಮೆಯನ್ನು ಚರ್ಚಿಸಿತು. 1975ರ ತೀರ್ಪಿನಲ್ಲಿ, ಸರ್ಕಾರದ ಕಾರ್ಯಗಳನ್ನು ತಿಳಿಯುವ ಹಕ್ಕು ಜನರಿಗಿದೆಯೆಂದು ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ ಬರೆದರು. 2005ರ ಮಾಹಿತಿ ಹಕ್ಕು ಕಾಯಿದೆಗೆ ಮೊದಲ ಮೆಟ್ಟಿಲುಗಳಲ್ಲಿ ಅದೂ ಒಂದು.

ನೌಕಾಪಡೆಯೂ ಪಾಠ ಕಲಿಯಿತು. ಕೊಳವೆಯ ಒಳಬಾಗಿಲು ಮೊದಲಿಗೆ ಸ್ವಲ್ಪವೇ ತೆರೆದುಕೊಂಡು, ನೀರಿದ್ದರೆ ಅಲ್ಲಿಯೇ ತಿಳಿಯುವಂತೆ ತಡೆಯುವ ಒಂದು ಕೊಂಡಿಯನ್ನು ಅಳವಡಿಸಿದರು. ಅದಕ್ಕೆ ‘ಥೀಟಿಸ್ ಕ್ಲಿಪ್’ ಎಂದೇ ಹೆಸರು.

ಬಣ್ಣ ಬಳಿದವನು ದುಷ್ಟನಲ್ಲ, ವುಡ್ಸ್ ಅಜ್ಞಾನಿಯೂ ಅಲ್ಲ. ನಲ್ಲಿಯಿಂದ ನೀರು ಬರಲಿಲ್ಲ ಎಂಬುದು ಅವರು ಕಂಡ ಸತ್ಯ. ನೀರಿಲ್ಲ ಎಂಬುದು ಅವರು ಮಾಡಿಕೊಂಡ ಊಹೆ. ಇವೆರಡರ ನಡುವೆ ಚುಚ್ಚಿ ನೋಡುವ ಒಂದು ಕಡ್ಡಿಯ ಅಂತರವಿತ್ತು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಎಂಜಿನಿಯರುಗಳು, ವೈದ್ಯರು. ಕೆಲವರು ನನ್ನಂತೆಯೇ ಮೇಷ್ಟ್ರುಗಳು. ಯಂತ್ರ ಸದ್ದು ಮಾಡದಿದ್ದಾಗ, ರೋಗಿ ನೋವೆನ್ನದಿದ್ದಾಗ, ಮಕ್ಕಳು ಪ್ರಶ್ನೆ ಕೇಳದಿದ್ದಾಗ ಎಲ್ಲವೂ ಸರಿಯಿದೆ ಎಂದು ಬಾಗಿಲು ತೆರೆಯುವ ಮುನ್ನ, ರಂಧ್ರ ಮುಚ್ಚಿಲ್ಲ ತಾನೇ ಎಂದು ಒಮ್ಮೆ ಚುಚ್ಚಿ ನೋಡಿರಿ. ತಡವಾಗಿಯಾದರೂ ನಾನು ಕಲಿತ ಪಾಠವಿದು.