ಹಾಡಿನ ನಕ್ಷೆ: ಸ್ವರಲಿಪಿಯೂ ಟ್ರ್ಯಾಕರ್ ತಂತ್ರಾಂಶವೂ

ಸಂಗೀತವನ್ನು ಬರೆದಿಡುವ ಪ್ರಯತ್ನಗಳ ಇತಿಹಾಸವನ್ನು ಪರಿಶೀಲಿಸುವವರು ಸಾಮಾನ್ಯವಾಗಿ ಸ್ವರಗಳಿಗೆ ಯಾವ ಯಾವ ಚಿಹ್ನೆಗಳು ಬಳಕೆಗೆ ಬಂದುವೆಂಬುದನ್ನೇ ವಿಚಾರಿಸುತ್ತಾರೆ. ಆದರೆ ಸ್ವರವನ್ನು ಬರೆಯುವುದು ಒಂದು ಕೆಲಸ, ಹಾಡನ್ನು ಬರೆಯುವುದು ಇನ್ನೊಂದು. ಯಾವ ಭಾಗ ಯಾವುದರ ಅನಂತರ ಬರಬೇಕು, ಯಾವುದು ಎಷ್ಟು ಸಾರಿ ಮರಳಬೇಕು, ಮರಳುವಾಗ ಅದು ಹಾಗೆಯೇ ಇರಬೇಕೋ ಬದಲಾಗಬೇಕೋ ಎಂಬುದನ್ನು ಒಂದೇ ನೋಟಕ್ಕೆ ತೋರಿಸುವ ಬರವಣಿಗೆ ಸ್ವರಲಿಪಿಗಿಂತ ಕಷ್ಟದ್ದು. ಗಣಕಯಂತ್ರದ ಮೇಲೆ ಸಂಗೀತ ರಚಿಸುವವರು ‘ಟ್ರ್ಯಾಕರ್’ ಎಂದು ಕರೆಯುವ ತಂತ್ರಾಂಶವು ಇಂದಿಗೂ ಬಗೆಹರಿಸಿಕೊಳ್ಳಲು ಹೆಣಗುತ್ತಿರುವ ತೊಡಕೂ ಇದೇ ಆಗಿದೆ.

ಠಾಣೆಯ ಖಾರಿಯ ಪೂರ್ವದಂಡೆಯಲ್ಲಿರುವ ಐರೋಲಿಯಂಥ ಊರಿನಲ್ಲಿ ಈ ಪ್ರಶ್ನೆ ಪಾಂಡಿತ್ಯಕ್ಕೆ ಮಾತ್ರ ಸೇರಿದ್ದಲ್ಲ. 1970ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪಿತವಾದ ಮೇಲೆ ನವಿ ಮುಂಬಯಿಯ ಒಂದು ಭಾಗವಾಗಿ ಬೆಳೆದ ಈ ನೆಲೆಯಲ್ಲಿ, ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳ ನೆರೆಯಲ್ಲೇ ಈಗ ತಂತ್ರಾಂಶದ ಕಛೇರಿಗಳು ಎದ್ದು ನಿಂತಿವೆ. ಧಾರವಾಡದಿಂದಲೋ ಉಡುಪಿಯಿಂದಲೋ ಬಂದ ಮನೆತನಗಳಲ್ಲಿ ದಾಸರ ಪದವನ್ನು ಕೇಳಿ ಕಲಿತ ತಾಯಿಯೂ, ಹಗಲೆಲ್ಲ ಗಣಕದ ಮುಂದೆ ಕುಳಿತು ಬರುವ ಮಗನೂ ಒಂದೇ ಸೂರಿನಡಿ ಬಾಳುವುದು ಇಲ್ಲಿ ಅಪರೂಪವಲ್ಲ. ತಾಯಿಯ ಧಾಟಿ ಅವಳ ಕಂಠದಲ್ಲಿದೆ. ಮೊಮ್ಮಕ್ಕಳಿಗೆ ಕನ್ನಡದ ಅಕ್ಷರವೇ ಸರಿಯಾಗಿ ಬಾರದು. ಆ ಧಾಟಿಯನ್ನು ಯಾವ ಪುಟದ ಮೇಲೆ, ಯಾವ ಆಕಾರದಲ್ಲಿ ಇಡಬೇಕು?

ಹಿಂದಿನವರು ಇಟ್ಟ ಪುಟವನ್ನು ಮೊದಲು ನೋಡಬೇಕು. ದಾಸರ ಪದಗಳ ಯಾವುದೇ ಮುದ್ರಿತ ಸಂಗ್ರಹವನ್ನು ತೆರೆದರೂ ಮೇಲೆ ರಾಗ ಮತ್ತು ತಾಳಗಳ ಹೆಸರು, ಕೆಳಗೆ ‘ಪ’, ‘ಅ.ಪ’ ಎಂಬ ಸಂಕ್ಷೇಪಗಳು, ಚರಣಗಳಿಗೆ ಅಂಕಿಗಳು ಕಾಣುತ್ತವೆ. ಎಷ್ಟೋ ಪುಸ್ತಕಗಳಲ್ಲಿ ಚರಣದ ಕೊನೆಗೆ ಪಲ್ಲವಿಯ ಮೊದಲ ಪದವನ್ನಷ್ಟೇ ಮತ್ತೆ ಅಚ್ಚು ಮಾಡಿರುತ್ತಾರೆ. ಆ ಒಂದು ಪದ ಒಂದು ಆಜ್ಞೆ: ‘ಇಲ್ಲಿಂದ ಪಲ್ಲವಿಗೆ ಮರಳು’ ಎಂದು ಅದರ ಅರ್ಥ. ಕಾಗದ ಉಳಿಯಿತು, ಹಾಡಿನ ಜೋಡಣೆಯೂ ತಿಳಿಯಿತು. ಯಕ್ಷಗಾನದ ಪ್ರಸಂಗ ಪುಸ್ತಕಗಳೂ ಪದ್ಯದ ತಲೆಯ ಮೇಲೆ ರಾಗ–ತಾಳಗಳನ್ನು ನಮೂದಿಸಿ ಮಿಕ್ಕ ಭಾರವನ್ನೆಲ್ಲ ಭಾಗವತರಿಗೆ ಬಿಟ್ಟುಕೊಟ್ಟಿವೆ. ಭಾಗವತರು ಇರುವವರೆಗೆ ಇದರಿಂದ ಕೊರತೆಯಿಲ್ಲ.

ಇಲ್ಲದಾದಾಗ ಏನಾಗುತ್ತದೆಂಬುದಕ್ಕೆ ಸುಳಾದಿಯೇ ಸಾಕ್ಷಿ. ಶ್ರೀಪಾದರಾಜರು, ವ್ಯಾಸರಾಯರು, ಪುರಂದರದಾಸರು, ಮುಂದೆ ವಿಜಯದಾಸರು ರಚಿಸಿದ ಸುಳಾದಿಗಳಲ್ಲಿ ಒಂದೊಂದು ಭಾಗವೂ ಒಂದೊಂದು ತಾಳದಲ್ಲಿ ನಡೆಯುತ್ತದೆ; ಅದು ಹಾಡುಗಳ ಮಾಲೆಯೆಂದರೂ ಸಲ್ಲುತ್ತದೆ. ಸಾಹಿತ್ಯ ನಮಗೆ ಹೇರಳವಾಗಿ ಉಳಿದಿದೆ, ತಾಳದ ಹೆಸರುಗಳು ಉಳಿದಿವೆ. ಧಾಟಿ ಮಾತ್ರ ಬಹುಮಟ್ಟಿಗೆ ಕೈಬಿಟ್ಟು ಹೋಗಿದೆ. ಅದರ ಕುರುಹುಗಳನ್ನು ಹುಡುಕುವವರು ಕರ್ನಾಟಕವನ್ನು ಬಿಟ್ಟು ತಂಜಾವೂರಿಗೆ ಹೋಗಬೇಕಾಗುತ್ತದೆ. ಅಲ್ಲಿನ ಮರಾಠ ಅರಸ ತುಳಜನು (ಆಳ್ವಿಕೆ 1728–1736) ತನ್ನ ‘ಸಂಗೀತಸಾರಾಮೃತ’ದಲ್ಲಿ ರಾಗಲಕ್ಷಣಕ್ಕೆ ಉದಾಹರಣೆಯಾಗಿ ಸುಳಾದಿಗಳ ಸ್ವರಖಂಡಗಳನ್ನು ಎತ್ತಿಕೊಟ್ಟಿದ್ದಾನೆ. ಕನ್ನಡದ ಹಾಡಿನ ಒಂದು ತುಣುಕು ಮರಾಠಿ ಮಾತಾಡುವ ಅರಸನ ಸಂಸ್ಕೃತ ಗ್ರಂಥದಲ್ಲಿ, ತಮಿಳು ನಾಡಿನಲ್ಲಿ ಉಳಿಯಿತೆಂಬುದು ಮಹಾರಾಷ್ಟ್ರದಲ್ಲಿ ನೆಲಸಿದ ಕನ್ನಡಿಗರಿಗೆ ವಿಚಿತ್ರವೆನಿಸಲಾರದು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸ್ವರಲಿಪಿಯ ವಿಷಯದಲ್ಲಿ ಹಲವೆಡೆ ಏಕಕಾಲಕ್ಕೆ ಎಚ್ಚರ ಮೂಡಿತು. ಮೈಸೂರಿನ ಆಸ್ಥಾನದ ಸಂಪರ್ಕದಿಂದ ಕರ್ಣಾಟಕ ಸಂಗೀತವನ್ನು ಅರಿತಿದ್ದ ಮೌಲಾಬಕ್ಷರು 1886ರಲ್ಲಿ ಬಡೋದೆಯಲ್ಲಿ ಗಾಯನಶಾಲೆಯನ್ನು ತೆರೆದು ತಮ್ಮದೇ ಲಿಪಿಯಿಂದ ಪಾಠ ಹೇಳಿದರು. ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ 1904ರಲ್ಲಿ ತೆಲುಗು ಲಿಪಿಯಲ್ಲಿ ಹೊರಬಂದಿತು. ಅದೇ ವರ್ಷ ಮುಂಬಯಿಯ ವಾಲ್ಕೇಶ್ವರದಲ್ಲಿ ಹುಟ್ಟಿದ ವಕೀಲ ವಿಷ್ಣು ನಾರಾಯಣ ಭಾತಖಂಡೆಯವರು (1860–1936) ದಕ್ಷಿಣದ ಯಾತ್ರೆ ಕೈಗೊಂಡು ದೀಕ್ಷಿತರನ್ನು ಕಂಡರು. ಭಾತಖಂಡೆಯವರ ಪುಟದಲ್ಲಿ ತಾಳದ ಮಾತ್ರೆಗಳು ಕಂಬಸಾಲುಗಳಾಗಿ ನಿಲ್ಲುತ್ತವೆ. ಸಮಕ್ಕೆ ಗುಣಾಕಾರದ ಗುರುತು, ಖಾಲಿಗೆ ಸೊನ್ನೆ. ಸ್ವರದ ಕೆಳಗೆ ಸಾಹಿತ್ಯದ ಅಕ್ಷರ. ವಿಷ್ಣು ದಿಗಂಬರ ಪಲುಸ್ಕರರ ಲಿಪಿ ಇದಕ್ಕಿಂತ ಸೂಕ್ಷ್ಮ. ಸೂಕ್ಷ್ಮವಾದುದರಿಂದಲೇ ಬರೆಯಲು ತ್ರಾಸದಾಯಕ. ಅವರ ಪರಂಪರೆಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಒಂದು ಕೇಂದ್ರ ಐರೋಲಿಯ ನೆರೆಯ ವಾಶಿಯಲ್ಲಿದೆ.

ಈ ಎಲ್ಲ ಲಿಪಿಗಳಲ್ಲಿಯೂ ಕಾಲವು ಎಡದಿಂದ ಬಲಕ್ಕೆ ನಡೆಯುತ್ತದೆ. 1987ರಲ್ಲಿ ಜರ್ಮನಿಯ ಕಾರ್ಸ್ಟೆನ್ ಒಬಾರ್ಸ್ಕಿಯವರು ಕಮೊಡೋರ್ ಅಮಿಗಾ ಯಂತ್ರಕ್ಕಾಗಿ ರಚಿಸಿದ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ನಲ್ಲಿ ಕಾಲವು ಮೇಲಿನಿಂದ ಕೆಳಕ್ಕೆ ಇಳಿಯಿತು. ಆ ಯಂತ್ರ ಏಕಕಾಲಕ್ಕೆ ನಾಲ್ಕು ದನಿಗಳನ್ನಷ್ಟೇ ನುಡಿಸಬಲ್ಲುದಾದ್ದರಿಂದ ನಾಲ್ಕು ಕಂಬಸಾಲುಗಳು, ಒಂದೊಂದರಲ್ಲಿ 64 ಅಡ್ಡಸಾಲುಗಳು; ಈ ಚೌಕಕ್ಕೆ ‘ಪ್ಯಾಟರ್ನ್’ ಎಂದು ಹೆಸರು. ಇಡೀ ಹಾಡೆಂದರೆ ಪ್ಯಾಟರ್ನುಗಳ ಸಂಖ್ಯೆಗಳ ಒಂದು ಪಟ್ಟಿ, ಹೆಚ್ಚೆಂದರೆ 128 ಸ್ಥಾನಗಳು. ಒಮ್ಮೆ ಬರೆದ ಪಲ್ಲವಿಯನ್ನು ಮತ್ತೆ ಬರೆಯಬೇಕಾಗಿಲ್ಲ, ಪಟ್ಟಿಯಲ್ಲಿ ಅದರ ಸಂಖ್ಯೆಯನ್ನು ಇನ್ನೊಮ್ಮೆ ಹಾಕಿದರಾಯಿತು. ನೆನಪಿನ ಕೋಶ ಕಿರಿದಾಗಿದ್ದ ಕಾಲದಲ್ಲಿ ಇದು ದೊಡ್ಡ ಉಳಿತಾಯ. ಚರಣದ ಕೊನೆಯಲ್ಲಿ ಪಲ್ಲವಿಯ ಒಂದೇ ಪದವನ್ನು ಅಚ್ಚು ಹಾಕಿದ ಕನ್ನಡ ಮುದ್ರಕನೂ ಕಾಗದದ ಕೊರತೆಯಿಂದ ಇದೇ ಉಪಾಯವನ್ನು ಕಂಡುಕೊಂಡಿದ್ದನಲ್ಲವೆ!

ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಒಂದು ಅಕ್ಷರಕಾಲಕ್ಕೆ ನಾಲ್ಕು ಸಾಲುಗಳಂತೆ ಹಿಡಿದರೆ ಆದಿತಾಳದ ಎರಡು ಆವರ್ತಗಳು 64 ಸಾಲುಗಳಲ್ಲಿ ಸರಿಯಾಗಿ ಕೂಡುತ್ತವೆ. ಹತ್ತು ಅಕ್ಷರದ ಝಂಪೆ 40 ಸಾಲುಗಳಿಗೆ ಮುಗಿದು ಮಿಕ್ಕ 24 ಸಾಲುಗಳನ್ನು ಆಜ್ಞೆಯಿಂದ ಕತ್ತರಿಸಬೇಕು. 1994ರಲ್ಲಿ ಸ್ವೀಡನ್ನಿನ ಟ್ರೈಟನ್ ತಂಡದ ‘ಫಾಸ್ಟ್ ಟ್ರ್ಯಾಕರ್ 2’ ಪ್ಯಾಟರ್ನಿನ ಉದ್ದವನ್ನು 256 ಸಾಲುಗಳವರೆಗೆ ಬೇಕಾದಂತೆ ಇಡಲು ಅವಕಾಶ ಕೊಟ್ಟಿತು. ಈ ತೊಂದರೆ ತೀರಿತು. ತೀರದೆ ಉಳಿದದ್ದು ಎತ್ತುಗಡೆ. ನಮ್ಮ ಎಷ್ಟೋ ಕೀರ್ತನೆಗಳು ಸಮದ ಮೇಲೆ ಆರಂಭವಾಗುವುದಿಲ್ಲ. ತಾಳ ಬಿದ್ದು ಅರ್ಧವೋ ಮುಕ್ಕಾಲೋ ಕಳೆದ ಮೇಲೆ ಮಾತು ಏಳುತ್ತದೆ, ಅದರ ಕೊನೆ ಮುಂದಿನ ಆವರ್ತದೊಳಕ್ಕೆ ಚಾಚುತ್ತದೆ. ಚೌಕವನ್ನು ತಾಳಕ್ಕೆ ಹೊಂದಿಸಿದರೆ ಮಾತು ಎರಡು ಹೋಳಾಗುತ್ತದೆ. ಮಾತಿಗೆ ಹೊಂದಿಸಿದರೆ ತಾಳ ಎಲ್ಲಿದೆಯೆಂಬುದೇ ಕಾಣದು. ಸಂಗತಿಗಳ ಪಾಡು ಇನ್ನೂ ಕಷ್ಟ. ಪಲ್ಲವಿ ಮರಳಿದಾಗಲೆಲ್ಲ ಸ್ವಲ್ಪ ಬೆಳೆದು ಬರುವುದರಿಂದ ಒಂದೊಂದು ಸಂಗತಿಗೂ ಹೊಸ ಸಂಖ್ಯೆ ಕೊಡಬೇಕು. ಪಟ್ಟಿಯಲ್ಲಿ 03, 04, 05 ಎಂದಷ್ಟೇ ಕಾಣುವವನಿಗೆ ಅವು ಒಂದೇ ಪಲ್ಲವಿಯ ಮಕ್ಕಳೆಂದು ಹೇಗೆ ತಿಳಿಯಬೇಕು?

ಸ್ವೀಡನ್ನಿನ ಯೋಹಾನ್ ಕೋಟ್ಲಿನ್ಸ್ಕಿಯವರು 2000ದಲ್ಲಿ ಗೇಮ್ ಬಾಯ್ ಎಂಬ ಕೈಯಾಟಿಕೆಗಾಗಿ ಮಾಡಿದ ‘ಲಿಟಲ್ ಸೌಂಡ್ ಡಿಜೆ’ಯಲ್ಲಿ ಮೂರು ಅಂತಸ್ತುಗಳಿವೆ: 16 ಹೆಜ್ಜೆಗಳ ನುಡಿ, ನುಡಿಗಳ ಸರಪಣಿ, ಸರಪಣಿಗಳ ಹಾಡು. ಸರಪಣಿಯಲ್ಲಿ ಒಂದೊಂದು ನುಡಿಯನ್ನು ಇಷ್ಟು ಮೇಲಕ್ಕೆತ್ತು ಎಂದು ಪಕ್ಕದಲ್ಲಿ ಅಂಕಿ ಬರೆಯಬಹುದು. ಸರಳೆ, ಅಲಂಕಾರಗಳನ್ನು ಕಲಿತವರಿಗೆ ಇದು ಮನೆಯ ಮಾತಿನಂತೆ ಕೇಳಿಸೀತು; ಒಂದೇ ಆಕೃತಿಯನ್ನು ಷಡ್ಜದಿಂದ, ಮತ್ತೆ ಋಷಭದಿಂದ, ಮತ್ತೆ ಗಾಂಧಾರದಿಂದ ಎತ್ತುವುದೇ ಅಲ್ಲಿನ ಪಾಠ. ಆದರೆ ಯಂತ್ರ ಎತ್ತುವುದು ಅರ್ಧಸ್ವರಗಳ ಲೆಕ್ಕದಲ್ಲಿ. ಮಾಯಾಮಾಳವಗೌಳದ ಸರಿಗಮವನ್ನು ಒಂದು ಅರ್ಧಸ್ವರ ಮೇಲಕ್ಕೆತ್ತಿದರೆ ರಿಗಮಪ ಬರುವುದಿಲ್ಲ. ಚತುಶ್ರುತಿ ಋಷಭವೂ ಪ್ರತಿಮಧ್ಯಮವೂ ನುಸುಳಿ ರಾಗವೇ ಕೆಡುತ್ತದೆ. ರಾಗದ ಮೆಟ್ಟಲುಗಳನ್ನು ತಿಳಿದು ಎತ್ತುವ ಅಂಕಿ ಬೇಕು. ಇದು ಗಣಿತಕ್ಕೆ ಅಸಾಧ್ಯವೇನಲ್ಲ. ಕೇಳಿದವರು ಕಡಿಮೆ, ಅಷ್ಟೆ.

ಹೊಸ ಟ್ರ್ಯಾಕರುಗಳಲ್ಲಿ ‘ರೆನಾಯ್ಸ್’ ಸಂಖ್ಯೆಗಳ ಪಟ್ಟಿಯ ಬದಿಯಲ್ಲೇ ಒಂದು ಚೌಕಟ್ಟನ್ನು ತೋರಿಸುತ್ತದೆ; ಯಾವ ಭಾಗದಲ್ಲಿ ಯಾವ ವಾದ್ಯ ಮಾತಾಡುತ್ತಿದೆ, ಯಾವುದು ಸುಮ್ಮನಿದೆ ಎಂಬುದು ಬಣ್ಣದ ತುಂಡುಗಳಾಗಿ ಕಾಣುತ್ತದೆ. ಇದು ಸರಿಯಾದ ದಿಕ್ಕು. ಆದರೂ ಕನ್ನಡದ ಹಾಡಿಗೆ ಒಪ್ಪುವ ನೋಟದಲ್ಲಿ ಇನ್ನೆರಡು ಅವಶ್ಯ: ತಾಳದ ಗೆರೆಯೂ ಸಾಹಿತ್ಯದ ಗೆರೆಯೂ ಬೇರೆ ಬೇರೆಯಾಗಿ ಓಡಬೇಕು, ಒಂದು ಮೂಲದಿಂದ ಕವಲೊಡೆದ ಸಂಗತಿಗಳು ಒಂದೇ ಹೆಸರಿನಡಿ, ಪಲ್ಲವಿ ಒಂದು, ಎರಡು, ಮೂರು ಎಂದು ನಿಲ್ಲಬೇಕು. ಗಮಕವನ್ನು ಯಾವ ಚೌಕವೂ ಹಿಡಿಯಲಾರದೆಂಬ ಆಕ್ಷೇಪ ನಿಜವೇ. ಅದಕ್ಕೆ ತಾಯಿಯ ದನಿಯನ್ನೇ ಮುದ್ರಿಸಿ ಪಕ್ಕದ ಕಂಬಸಾಲಿನಲ್ಲಿಡುವುದಕ್ಕಿಂತ ಉತ್ತಮವಾದ ಲಿಪಿ ಇನ್ನೂ ಹುಟ್ಟಿಲ್ಲ.

ಇಂಥ ನೋಟವನ್ನು ಒರೆಗೆ ಹಚ್ಚಲು ಸುಳಾದಿಯೇ ತಕ್ಕದ್ದು. ಇಂದಿನ ಪಾಠಕ್ರಮದ ಅಳತೆಯಂತೆ ಧ್ರುವಕ್ಕೆ 56 ಸಾಲು, ಮಠ್ಯಕ್ಕೆ 40, ರೂಪಕಕ್ಕೆ 24, ಝಂಪೆಗೆ 40, ತ್ರಿಪುಟಕ್ಕೆ 28, ಅಟ್ಟಕ್ಕೆ 56, ಏಕಕ್ಕೆ 16: ಉದ್ದ ಗಿಡ್ಡವಾದ ತುಂಡುಗಳು ಒಂದರ ಕೆಳಗೊಂದು ಇಳಿಯುತ್ತ, ಕೊನೆಗೆ ಎರಡೇ ಸಾಲಿನ ಜತೆ ಒಂದು ಸಣ್ಣ ಮನೆಯಾಗಿ ತಳದಲ್ಲಿ ಕಾಣುತ್ತದೆ.