ಎರಿ ಬಯಲಿನ ಚಿಗರಿ ಬೇಟೆ

ಆಳಂದ ತಾಲ್ಲೂಕಿನ ಹಿರೋಳ್ಳಿ ಕರ್ನಾಟಕದ ಅಂಚಿನ ಊರು. ಅದನ್ನು ದಾಟಿದರೆ ಮಹಾರಾಷ್ಟ್ರ, ಮುಂದೆ ಅಕ್ಕಲಕೋಟೆ, ಅದರಾಚೆ ಸೊಲ್ಲಾಪುರ. ರಾಜ್ಯ ಬದಲಾದರೂ ನೆಲ ಬದಲಾಗುವುದಿಲ್ಲ. ಎರಡೂ ಕಡೆ ಅದೇ ಕರಿ ಎರಿ ಮಣ್ಣು, ಅದೇ ತೊಗರಿ, ಅದೇ ಬಿಳಿಜೋಳ, ನಡುನಡುವೆ ಬಿತ್ತಲಾಗದ ಕಲ್ಲುಮರಡಿ ಮತ್ತು ಹುಲ್ಲು. ಮರ ಕಡಿಮೆ, ನೋಟ ಹರಿದಷ್ಟು ದೂರವೂ ಬಯಲು. ಕೃಷ್ಣಮೃಗಕ್ಕೆ ಬೇಕಾದದ್ದು ಇಂಥ ಬಯಲೇ. ಈ ಸೀಮೆಯವರು ಚಿಗರಿ ಎಂದು ಕರೆಯುವ ಈ ಪ್ರಾಣಿ ದಟ್ಟ ಕಾಡಿನಲ್ಲಿ ಅಡಗಿ ಬದುಕುವುದಿಲ್ಲ. ಶತ್ರುವನ್ನು ದೂರದಿಂದಲೇ ಕಂಡು, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಿ ಬದುಕುತ್ತದೆ. ಭೀಮಾ ದಂಡೆಯ ಅಫಜಲಪುರ, ಜೇವರ್ಗಿಯ ಹೊಲಗಳವರೆಗೂ ಇದೇ ಬಯಲು ಚಾಚಿಕೊಂಡಿದೆ.

ಇಂದು ದುಡ್ಡುಳ್ಳ ಬೇಟೆಗಾರರು ಇಂಥ ಬಯಲಿನ ಮೃಗಗಳನ್ನು ಹೊಡೆಯಲು ದಕ್ಷಿಣ ಆಫ್ರಿಕಾಕ್ಕೋ ನಮೀಬಿಯಾಕ್ಕೋ ವಿಮಾನ ಹತ್ತುತ್ತಾರೆ. ಪರವಾನಗಿ ಪಡೆದ ವೃತ್ತಿ ಬೇಟೆಗಾರನೊಬ್ಬ ಅವರ ಜೊತೆಗಿರುತ್ತಾನೆ, ಹೆಜ್ಜೆ ಹಿಡಿದು ಹೋಗಲು ಸ್ಥಳೀಯರಿರುತ್ತಾರೆ. ದಿನಕ್ಕಿಷ್ಟು ಶುಲ್ಕ, ಅದರ ಮೇಲೆ ಚಿಗರಿಯ ಜಾತಿಯವೇ ಆದ ಇಂಪಾಲಾಕ್ಕೆ ಇಷ್ಟು, ಕುಡುವಿಗೆ ಇಷ್ಟು, ಜೀಬ್ರಾಕ್ಕೆ ಇಷ್ಟು ಎಂದು ಬೇರೆ ದರಪಟ್ಟಿ. ಕೀನ್ಯಾ 1977ರಲ್ಲೇ ಬೇಟೆಯನ್ನು ನಿಷೇಧಿಸಿತು. ದಕ್ಷಿಣ ಆಫ್ರಿಕಾ ಬೇರೆ ಹಾದಿ ಹಿಡಿಯಿತು: 1991ರ ಕಾಯ್ದೆಯೊಂದು, ಸರಿಯಾಗಿ ಬೇಲಿ ಹಾಕಿದ ಜಮೀನಿನೊಳಗಿನ ಕಾಡುಪ್ರಾಣಿಯ ಮೇಲೆ ಜಮೀನುದಾರನ ಒಡೆತನವನ್ನು ಒಪ್ಪಿಕೊಂಡಿತು. ಅಲ್ಲಿಂದ ಬೇಟೆಯ ಜಮೀನುಗಳು ದೊಡ್ಡ ಉದ್ಯಮವಾದವು.

ಬೇಲಿಯೊಳಗಿನ ಬೇಟೆ ಭಾರತಕ್ಕೆ ಹೊಸದೇನಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನ ವಿಹಾರಕ್ಕೆಂದೇ ಮೀಸಲಾದ ಮೃಗವನದ ವಿವರವಿದೆ. ಅದಕ್ಕೆ ಒಂದೇ ಬಾಗಿಲು, ಸುತ್ತ ಕಂದಕ, ಒಳಗೆ ಉಗುರು ಹಲ್ಲು ಕಿತ್ತ ಹಿಂಸ್ರಪ್ರಾಣಿಗಳು. ಅರಸನಿಗೆ ಬೇಟೆಯ ಸುಖ ಬೇಕು, ಅಪಾಯ ಬೇಡ.

ಆದರೆ ಬಯಲಿನ ಚಿಗರಿ ಬೇಟೆಯ ಕತೆ ಹುಡುಕಲು ಹಿರೋಳ್ಳಿಯಿಂದ ಬಹಳ ದೂರ ಹೋಗಬೇಕಿಲ್ಲ. ಆಳಂದಕ್ಕೆ ತಾಗಿಕೊಂಡ ತಾಲ್ಲೂಕೇ ಬಸವಕಲ್ಯಾಣ, ಕಲ್ಯಾಣದ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 1126ರ ಸುಮಾರಿಗೆ ಪಟ್ಟಕ್ಕೆ ಬಂದ. ಯುದ್ಧಕ್ಕಿಂತ ವಿದ್ಯೆಯಲ್ಲಿ ಹೆಚ್ಚು ಹೆಸರಾದ ಈ ದೊರೆ 1129ರ ವೇಳೆಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದ ಅಥವಾ ತಾನೇ ಬರೆದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ನೂರು ಅಧ್ಯಾಯ, ಇಪ್ಪತ್ತರಂತೆ ಐದು ಭಾಗ. ಅಡುಗೆ, ಆನೆ, ಸಂಗೀತ, ಚಿತ್ರಕಲೆ, ಮೀನು ಹಿಡಿಯುವುದು, ಎಲ್ಲಕ್ಕೂ ಅಲ್ಲಿ ಜಾಗವಿದೆ. ಅದರ ಅಡುಗೆಯ ಪುಟಗಳನ್ನು ಇಂದು ಎಲ್ಲರೂ ನೆನೆಯುತ್ತಾರೆ. ಬೇಟೆಯ ಪುಟಗಳೂ ಅಷ್ಟೇ ಬೆಲೆಯುಳ್ಳವು. ಪಳಗಿಸಿದ ಚೀತಾವನ್ನು ಚಿಗರಿಯ ಮೇಲೆ ಬಿಡುವ ಬೇಟೆಯ ಬಗ್ಗೆ ಭಾರತದಲ್ಲಿ ಸಿಕ್ಕಿರುವ ಅತಿ ಹಳೆಯ ಬರಹ ಇದೇ ಗ್ರಂಥದಲ್ಲಿದೆ ಎಂದು ಚೀತಾದ ಚರಿತ್ರೆ ಬರೆದ ದಿವ್ಯಭಾನುಸಿಂಹ ಗುರುತಿಸಿದ್ದಾರೆ. ಮೊಗಲರು ದಖ್ಖನಿಗೆ ಕಾಲಿಡುವ ನಾಲ್ಕು ಶತಮಾನಕ್ಕೂ ಮೊದಲೇ ಕಲ್ಯಾಣದ ಅರಮನೆಗೆ ಈ ವಿದ್ಯೆ ಗೊತ್ತಿತ್ತು. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ನಂತರ ಶರಣರು ಸಕಲ ಜೀವಿಗಳ ಮೇಲಿನ ದಯೆಯನ್ನು ಎತ್ತಿಹಿಡಿದರು. ಈ ಎರಡೂ ಒಂದೇ ನೆಲದ, ಒಂದೇ ಶತಮಾನದ ಮಾತು.

ಬೇಟೆಯ ಪ್ರೀತಿ ಅದಕ್ಕಿಂತ ಹಿಂದಿನದು. ಕಲಬುರಗಿ ಜಿಲ್ಲೆಯದೇ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೇ ಕೃಷ್ಣ 949ರಲ್ಲಿ ತಕ್ಕೋಲಂ ಕಾಳಗದಲ್ಲಿ ಚೋಳರನ್ನು ಸೋಲಿಸಿದ. ಅವನ ಪರ ಹೋರಾಡಿದ ಗಂಗರ ಬೂತುಗ ತನ್ನ ಬಂಟ ಮಣಲೇರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಮಂಡ್ಯ ಸೀಮೆಯ ಆತಕೂರಿನಲ್ಲಿ ನೆಟ್ಟ ಶಾಸನ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕದನದ ಸುದ್ದಿಯೂ ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ ಇರುವುದರಲ್ಲಿ ಆ ಕಾಲದವರಿಗೆ ಬೇಟೆ ಎಷ್ಟು ದೊಡ್ಡದಾಗಿತ್ತು ಎನ್ನುವುದು ಕಾಣುತ್ತದೆ. ಬೀದರ ಸೀಮೆಯಿಂದ ಹಾವೇರಿಯವರೆಗೆ ಪೂಜೆಗೊಳ್ಳುವ ಮೈಲಾರನೂ ನಾಯಿಗಳ ಜೊತೆಗೇ ಇರುವ ದೇವರು.

ಚೀತಾ ಬೇಟೆ ನಡೆಯುತ್ತಿದ್ದ ಬಗೆ ಹೀಗೆ. ಹಳೆಯ ಕನ್ನಡಿಗರು ಸಿವಂಗಿ ಎಂದೂ ಕರೆದ ಈ ಪ್ರಾಣಿಯನ್ನು ಮರಿಯಾಗಿದ್ದಾಗ ಹಿಡಿಯುತ್ತಿರಲಿಲ್ಲ. ತಾಯಿಯಿಂದ ಬೇಟೆ ಕಲಿತ, ಬೆಳೆದ ಚೀತಾವನ್ನೇ ಬಲೆ ಉರುಲುಗಳಿಂದ ಹಿಡಿಯುತ್ತಿದ್ದರು. ಜನರ ನಡುವೆ ಇರಿಸಿ, ರಾತ್ರಿ ಹಗಲು ಮಾತಾಡಿಸಿ, ಕೈಯಿಂದ ಮಾಂಸ ತಿನ್ನಿಸಿ ತಿಂಗಳುಗಟ್ಟಲೆ ಪಳಗಿಸುತ್ತಿದ್ದರು. ಬೇಟೆಯ ದಿನ ಕಣ್ಣಿಗೆ ಚರ್ಮದ ಮುಸುಕು ಹಾಕಿ ಎತ್ತಿನ ಬಂಡಿಯ ಮೇಲೆ ಕೂರಿಸುತ್ತಿದ್ದರು. ಹೊಲದಲ್ಲಿ ದಿನವೂ ಬಂಡಿ ಕಂಡ ಚಿಗರಿಗಳಿಗೆ ಬಂಡಿಯ ಭಯವಿಲ್ಲ. ಬಂಡಿ ನೇರ ನುಗ್ಗದೆ, ಸುತ್ತು ಹಾಕುತ್ತ ಹಿಂಡಿನ ಹತ್ತಿರ ಸರಿಯುತ್ತಿತ್ತು. ಮುಸುಕು ತೆಗೆದದ್ದೇ ತಡ, ಚೀತಾ ಕೆಳಗೆ ಹಾರಿ ಕರಿಯ ಗಂಡನ್ನು ಗುರಿಯಾಗಿಸಿ ಓಡುತ್ತಿತ್ತು. ಮೂರು ನಾಲ್ಕು ನೂರು ಗಜದೊಳಗೆ ಸಿಕ್ಕರೆ ಸಿಕ್ಕಿತು. ಇಲ್ಲವಾದರೆ ದಣಿದು ಕೂತುಬಿಡುತ್ತಿತ್ತು. ಸಿಕ್ಕಾಗ ಪಾಲಕ ಓಡಿ ಹೋಗಿ ಚಿಗರಿಯ ಕುತ್ತಿಗೆ ಕೊಯ್ದು, ರಕ್ತವನ್ನು ಮರದ ಸೌಟಿನಲ್ಲಿ ಹಿಡಿದು ಚೀತಾದ ಮೂತಿಗೆ ಒಡ್ಡಿ, ಅದರ ಬಾಯಿ ಬಿಡಿಸಿ, ಮತ್ತೆ ಮುಸುಕು ಹಾಕುತ್ತಿದ್ದ. ಈ ಇಡೀ ಕೆಲಸದಲ್ಲಿ ಅರಸ ಮಾಡುತ್ತಿದ್ದದ್ದು ನೋಡುವುದು ಮಾತ್ರ. ಕೌಶಲವೆಲ್ಲ ಬಂಡಿಯವನದು, ಪಾಲಕನದು ಮತ್ತು ಚೀತಾವನ್ನು ಕಾಡಿನಿಂದ ಹಿಡಿದು ತಂದವನದು.

ಬೇಡಿಕೆ ಬಹಳ ದೊಡ್ಡದಾಗಿತ್ತು. ತನ್ನ ತಂದೆ ಅಕ್ಬರ್ ಸಾವಿರ ಚೀತಾಗಳನ್ನು ಕೂಡಿಸಿದ್ದ ಎಂದು ಜಹಾಂಗೀರ್ ಬರೆದಿದ್ದಾನೆ. ಸೆರೆಯಲ್ಲಿ ಚೀತಾ ಮರಿ ಹಾಕುವುದು ತೀರ ಅಪರೂಪವಾದ್ದರಿಂದ, ಅರಮನೆಯ ಒಂದೊಂದು ಚೀತಾವೂ ಬಯಲಿನಿಂದ ಕಳೆದುಹೋದ ಒಂದು ಚೀತಾವೇ ಆಗಿತ್ತು. ಇತ್ತ ದಖ್ಖನಿನಲ್ಲಿ ನಿಜಾಮರ ಕಾಲಕ್ಕೂ ಈ ವಿಲಾಸ ಉಳಿದಿತ್ತು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ ತೆಗೆದ ಶಿಕಾರಿಯ ಚಿತ್ರಗಳು ಇಂದಿಗೂ ಉಳಿದಿವೆ. 1871ರ ಹೊತ್ತಿಗೆ ಮುಂಬಯಿ–ಮದ್ರಾಸು ರೈಲುಹಾದಿ ಸೊಲ್ಲಾಪುರ, ಕಲಬುರಗಿ ದಾಟಿ ರಾಯಚೂರಿನಲ್ಲಿ ಕೂಡಿಕೊಂಡಿತು. ಬಂದೂಕು ಹಿಡಿದ ಅಧಿಕಾರಿಗಳಿಗೂ ಅತಿಥಿಗಳಿಗೂ ಈ ಎರಿ ಬಯಲು ಆಗ ಹತ್ತಿರವಾಯಿತು. ಅವರಿಗೆ ಚೀತಾದ ಹಂಗೂ ಬೇಕಿರಲಿಲ್ಲ.

ದೇಶದ ಚೀತಾಗಳು ತೀರುತ್ತ ಬಂದಾಗ ಅರಸರು ಆಫ್ರಿಕಾದ ಕಡೆ ಕೈಚಾಚಿದರು. 1918ರಿಂದ 1945ರೊಳಗೆ ಸುಮಾರು ಇನ್ನೂರು ಚೀತಾಗಳು ಆಫ್ರಿಕಾದಿಂದ ಭಾರತಕ್ಕೆ ಬಂದವು. ತರಿಸಿದವರಲ್ಲಿ ಮುಖ್ಯರು ಭಾವನಗರದ ಮತ್ತು ನಮ್ಮ ಬೆಳಗಾವಿಗೆ ಹೊಂದಿಕೊಂಡ ಕೊಲ್ಲಾಪುರದ ಸಂಸ್ಥಾನದವರು. ಈಗ ಬೇಟೆಗಾರ ಆಫ್ರಿಕಾಕ್ಕೆ ಹೋಗುತ್ತಾನೆ. ಆಗ ಆಫ್ರಿಕಾದ ಬೇಟೆಗಾರ ಪ್ರಾಣಿಯೇ ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು. ಮುಧೋಳದ ಘೋರ್ಪಡೆ ಅರಸರು ಮಾತ್ರ ನೆಲದ ನಾಯಿಯನ್ನೇ ನಂಬಿದರು. ಬೇಡರು ಮೊಲ, ಚಿಗರಿಗಳ ಬೆನ್ನಟ್ಟಲು ಸಾಕುತ್ತಿದ್ದ ತೆಳುಮೈಯ ನಾಯಿಗಳನ್ನು ಆಯ್ದು ತಳಿ ಬೆಳೆಸಿದರು. ಮಾಲೋಜಿರಾವ್ ಘೋರ್ಪಡೆ ಅಂಥ ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟರು. 2005ರಲ್ಲಿ ಮುಧೋಳ ನಾಯಿ ಅಂಚೆಚೀಟಿಯ ಮೇಲೂ ಬಂತು.

ಬೇಟೆ ಮುಗಿದ ಮೇಲೆ ಬರುತ್ತಿದ್ದದ್ದು ಮೈಸೂರಿನ ವಾನ್ ಇಂಗೆನ್ ಕುಟುಂಬದ ಕೆಲಸ. ಅರಸರು, ಸಾಹೇಬರು ಹೊಡೆದ ಪ್ರಾಣಿಗಳ ಚರ್ಮಕ್ಕೆ ರೂಪ ಕೊಟ್ಟು ಗೋಡೆಗೆ ಏರಿಸುವಂತೆ ಮಾಡುತ್ತಿದ್ದ ಈ ಕಾರ್ಖಾನೆ 20ನೇ ಶತಮಾನದ ಉದ್ದಕ್ಕೂ ನಡೆಯಿತು. ಹುಲಿ ಚಿರತೆಗಳೇ 40 ಸಾವಿರಕ್ಕೂ ಮೀರಿ ಅಲ್ಲಿ ಹದಗೊಂಡವು.  

ಇಲ್ಲಿಯವರೆಗೆ ಬಂದದ್ದೆಲ್ಲ ಹೆಸರುಳ್ಳವರ ಕತೆ. ಆದರೆ ಚಿಗರಿಯನ್ನು ನಿಜವಾಗಿ ಬಲ್ಲವರು ಹರಣಶಿಕಾರಿಗಳು. ಮಹಾರಾಷ್ಟ್ರದ ಕಡೆ ಪಾರ್ಧಿಗಳೆನ್ನುತ್ತಾರೆ, ಅವರಲ್ಲೇ ಉರುಲು ಒಡ್ಡುವವರು ಫಾಸೆ ಪಾರ್ಧಿಗಳು, ಚೀತಾ ಹಿಡಿದು ಪಳಗಿಸುವವರು ಚೀತಾ ಪಾರ್ಧಿಗಳು. ಸೊಲ್ಲಾಪುರ, ವಿಜಯಪುರ, ಗದಗ, ಹುಬ್ಬಳ್ಳಿಯ ತನಕ ಅವರ ಅಲೆದಾಟ. ಚಿಗರಿ ಯಾವ ಜಾಡಿನಲ್ಲಿ ನೀರಿಗೆ ಬರುತ್ತದೆ, ಗಂಡು ಎಲ್ಲಿ ತನ್ನ ಸೀಮೆ ಕಾಯುತ್ತದೆ, ಗಾಳಿ ಯಾವ ಕಡೆಯಿಂದ ಬೀಸಿದರೆ ಹಿಂಡು ಎತ್ತ ಓಡುತ್ತದೆ ಎಂಬುದೆಲ್ಲ ಅವರ ಬಾಯಿಪಾಠ. ಪಳಗಿಸಿದ ದನವನ್ನು ಮರೆಯಾಗಿಟ್ಟುಕೊಂಡು ಹಿಂಡಿನ ಹತ್ತಿರ ಸರಿದು, ನರದಿಂದ ಹೊಸೆದ ಉರುಲುಗಳನ್ನು ನೆಲಕ್ಕೆ ಊರಿ ಚಿಗರಿ ಹಿಡಿಯುತ್ತಿದ್ದರು. ಸಾಕಿದ ಗಂಡಿನ ಕೊಂಬಿಗೆ ಉರುಲು ಕಟ್ಟಿ ಬಿಟ್ಟರೆ, ಕಾಳಗಕ್ಕೆ ಬಂದ ಕಾಡಿನ ಗಂಡು ಅದರಲ್ಲೇ ಸಿಕ್ಕಿಬೀಳುತ್ತಿತ್ತು. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲೂ ಈ ಉಪಾಯದ ವಿವರವಿದೆ.

ಇಂಥ ಜಾಣರಿಗೆ ಬ್ರಿಟಿಷ್ ಸರ್ಕಾರ ಕೊಟ್ಟದ್ದು ಅಪರಾಧಿಯ ಪಟ್ಟ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ತಿದ್ದುಪಡಿಯೊಂದಿಗೆ ಮುಂಬಯಿ ಪ್ರಾಂತ್ಯಕ್ಕೂ ಬಂತು. ಹುಟ್ಟಿದ ಜಾತಿಯೇ ತಪ್ಪಿಗೆ ಪುರಾವೆ. ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರಗಳಲ್ಲಿ ವಸಾಹತು ಕಟ್ಟಿ ಅಲೆಮಾರಿಗಳನ್ನು ತಂದು ಕೂಡಿಹಾಕಿದರು. ಹೊರಗೆ ಹೋಗಲು ಚೀಟಿ ಬೇಕು, ಹಾಜರಿ ಕೊಡಬೇಕು, ಗಿರಣಿಯಲ್ಲಿ ದುಡಿಯಬೇಕು. ಹುಬ್ಬಳ್ಳಿ ಗದಗಿನ ಜನ ಆ ಬಡಾವಣೆಗಳನ್ನು ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಅರಸ ಹೊಡೆದರೆ ವಿನೋದ, ಸಾಹೇಬ ಹೊಡೆದರೆ ಕ್ರೀಡೆ, ಹೊಟ್ಟೆಗಾಗಿ ಉರುಲು ಒಡ್ಡಿದವನು ಮಾತ್ರ ಕಳ್ಳ. ಬೇಟೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಬೇಡರ ಅನುಭವವೂ ಅದೇ ಜಾತಿಯದು. ಜೇವರ್ಗಿಗೆ ಹೊಂದಿಕೊಂಡ ಸುರಪುರದ ನಾಯಕರ ಬಲವಿದ್ದದ್ದು ಬೇಡರ ಗುರಿಯಲ್ಲಿ. 1842ರಿಂದ 1853ರವರೆಗೆ ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಬಾಲರಾಜ ವೆಂಕಟಪ್ಪ ನಾಯಕನನ್ನು ಬೆಳೆಸಿದ. ಅದೇ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಪ್ರಾಣ ತೆತ್ತ. ಅದಕ್ಕೆ ಸ್ವಲ್ಪ ಮುಂಚೆ, 1857ರ ನವೆಂಬರಿನಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸುವ ಆಜ್ಞೆಗೆ ತಿರುಗಿಬಿದ್ದರು, ಅವರ ಊರು ಬೆಂಕಿಗೆ ಆಹುತಿಯಾಯಿತು. ಅವರ ಮೇಲಿನ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿದ. ಬೇಟೆಯೇ ಬದುಕಾದವರ ಕೈಯಿಂದ ಆಯುಧ ಕಸಿಯುವುದೆಂದರೆ ಅನ್ನ ಕಸಿದಂತೆ ಎಂದು ಆಳುವವರಿಗೆ ತಿಳಿಯಲಿಲ್ಲ.

ಅರಸರ ಬೇಟೆಯಾಟ ಮುಗಿದದ್ದು ಬೇಗ. 1947ರಲ್ಲಿ ಮಧ್ಯ ಭಾರತದ ಕೊರಿಯಾ ಸಂಸ್ಥಾನದ ಅರಸ ಒಂದೇ ರಾತ್ರಿ ಮೂರು ಚೀತಾಗಳನ್ನು ಹೊಡೆದ. ಭಾರತದ ಕೊನೆಯ ಚೀತಾಗಳು ಅವೇ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. 1952ರಲ್ಲಿ ಸರ್ಕಾರ ಚೀತಾ ನಶಿಸಿತೆಂದು ಘೋಷಿಸಿತು. ಸ್ವಾತಂತ್ರ್ಯದ ನಂತರವೂ ಒಂದೆರಡು ದಶಕ, ಇಂದಿನ ಆಫ್ರಿಕಾದ ಹಾಗೆಯೇ, ವಿದೇಶಿಯರಿಂದ ಡಾಲರ್ ಪಡೆದು ಬೇಟೆಯಾಡಿಸುವ ಶಿಕಾರಿ ಕಂಪನಿಗಳು ಭಾರತದಲ್ಲಿ ನಡೆದವು. ನಾಗಪುರದ ಆಲ್ವಿನ್ ಕೂಪರ್ ಅವುಗಳಲ್ಲಿ ಹೆಸರಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲ ಪಟ್ಟಿಗೆ ಸೇರಿಸಿ ಅದರ ಬೇಟೆಗೆ ತೆರೆ ಎಳೆಯಿತು. 1974ರಲ್ಲಿ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವಾಯಿತು. ಹಿರೋಳ್ಳಿಯ ಆಚೆ, ಸೊಲ್ಲಾಪುರದ ಬಳಿಯ ನಾನ್ನಜದ ಹುಲ್ಲುಗಾವಲು 1979ರಲ್ಲಿ ಎರೆಭೂತ ಹಕ್ಕಿಗೆಂದು ಮೀಸಲಾಯಿತು. ಚಿಗರಿಗೂ ಅಲ್ಲಿ ನೆಲೆ ಸಿಕ್ಕಿತು.

ಇಲ್ಲಿ ಬೇಟೆ ನಿಂತಿತಾದರೂ ಚಿಗರಿಯ ಬೇಟೆ ಲೋಕದಲ್ಲಿ ನಿಂತಿಲ್ಲ. 1906ರಲ್ಲಿ ಅರ್ಜೆಂಟೀನಾಕ್ಕೆ, 1932ರಲ್ಲಿ ಅಮೆರಿಕದ ಟೆಕ್ಸಾಸಿಗೆ ಒಯ್ದ ಕೃಷ್ಣಮೃಗಗಳು ಅಲ್ಲಿಯ ಹುಲ್ಲಿಗೆ ಒಗ್ಗಿ ಸಾವಿರಗಟ್ಟಲೆ ಬೆಳೆದವು. ಅಲ್ಲಿಯ ಜಮೀನುದಾರರು ಮಾರ್ಗದರ್ಶಕನನ್ನು ಜೊತೆ ಮಾಡಿ, ತಲೆಗಿಷ್ಟು ಹಣ ಪಡೆದು ಅವನ್ನು ಬೇಟೆಗೆ ಒಡ್ಡುತ್ತಾರೆ. ಇಲ್ಲಿ ಕೊಂದರೆ ಜೈಲು ಕಾಣಿಸುವ ಪ್ರಾಣಿಗೆ ಅಲ್ಲಿ ದರಪಟ್ಟಿ ಇದೆ.

ಎರಿ ಬಯಲಿನ ರೈತನಿಗೆ ಬೇಟೆಯ ಹಣವೂ ದಕ್ಕಿಲ್ಲ, ಬೆಳೆಗೆ ರಕ್ಷಣೆಯೂ ದಕ್ಕಿಲ್ಲ. ಚೀತಾ ಹೋಯಿತು, ತೋಳ ವಿರಳವಾಯಿತು, ಊರ ದನ ಮೇಯುತ್ತಿದ್ದ ಗಾಯರಾಣ ಭೂಮಿ ಸಾಗುವಳಿಗೂ ಒತ್ತುವರಿಗೂ ಕರಗಿತು. ಹುಲ್ಲಿಲ್ಲದ ಚಿಗರಿ ಹೊಲಕ್ಕೆ ಇಳಿಯುತ್ತದೆ. ಕಲಬುರಗಿ, ಬೀದರ, ಯಾದಗಿರಿ, ಕೊಪ್ಪಳ ಜಿಲ್ಲೆಗಳಲ್ಲಿ ಮೊಳಕೆಯೊಡೆದ ತೊಗರಿ, ಹೆಸರು, ಜೋಳ ತಿಂದುಹಾಕುವ ಹಿಂಡುಗಳ ದೂರು ಮುಂಗಾರಿನಲ್ಲಿ ಹೊಸದೇನಲ್ಲ. ಪರಿಹಾರಕ್ಕೆ ಅರ್ಜಿ, ಫೋಟೊ, ಪಹಣಿ ಹಿಡಿದು ಅಲೆಯುವ ಹೊತ್ತಿಗೆ ಹಂಗಾಮೇ ಮುಗಿದಿರುತ್ತದೆ. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶ ಒಂದು ದಾರಿ ತೋರಿಸಿತು. ದಕ್ಷಿಣ ಆಫ್ರಿಕಾದ ತಜ್ಞರ ನೆರವಿನಿಂದ, ಹೆಲಿಕಾಪ್ಟರಿನಲ್ಲಿ ಹಿಂಡುಗಳನ್ನು ಆಲಿಕೆಯಾಕಾರದ ದೊಡ್ಡಿಗೆ ತಿರುಗಿಸಿ, ಶಾಜಾಪುರದ ಹೊಲಗಳ ನೂರಾರು ಕೃಷ್ಣಮೃಗಗಳನ್ನು ಕೊಲ್ಲದೆ ಅಭಯಾರಣ್ಯಗಳಿಗೆ ಸಾಗಿಸಿತು. 2022ರ ಸೆಪ್ಟೆಂಬರ್ 17ರಂದು, ಕಲ್ಯಾಣ ಕರ್ನಾಟಕ ತನ್ನ ವಿಮೋಚನೆಯ ದಿನ ಆಚರಿಸುತ್ತಿದ್ದಾಗ, ನಮೀಬಿಯಾದ ಎಂಟು ಚೀತಾಗಳು ಬಂದಿಳಿದದ್ದೂ ಅದೇ ರಾಜ್ಯದ ಕುನೋ ರಾಷ್ಟ್ರೀಯ ಉದ್ಯಾನದಲ್ಲಿ.

ಕರ್ನಾಟಕ ಈ ಬಯಲು ಜಿಲ್ಲೆಗಳಿಗಾಗಿ ಮೂರು ಕೆಲಸ ಮಾಡಬೇಕು. ಉಳಿದಿರುವ ಗಾಯರಾಣವನ್ನು ಅಳತೆ ಮಾಡಿ ಹುಲ್ಲಿಗೇ ಬಿಡಬೇಕು. ಬೆಳೆಹಾನಿಯ ಹಣ ಬಿತ್ತನೆಯ ಹಂಗಾಮಿನೊಳಗೆ ರೈತನ ಕೈಸೇರಬೇಕು. ಹಿಂಡುಗಳ ಎಣಿಕೆಗೂ ಸ್ಥಳಾಂತರಕ್ಕೂ ದೂರದ ತಜ್ಞರನ್ನು ಕರೆಯುವ ಮೊದಲು ಹರಣಶಿಕಾರಿ ಕುಟುಂಬಗಳ ಯುವಕರನ್ನು ಸಂಬಳ ಕೊಟ್ಟು ಅರಣ್ಯ ಇಲಾಖೆಗೆ ಸೇರಿಸಿಕೊಳ್ಳಬೇಕು. ಚಿಗರಿಯ ಜಾಡು ಅವರ ಅಜ್ಜಂದಿರಿಗೆ ಗೊತ್ತಿದ್ದಷ್ಟು ಈ ನಾಡಿನಲ್ಲಿ ಮತ್ತೆ ಯಾರಿಗೂ ಗೊತ್ತಿರಲಿಲ್ಲ.